ಹತ್ತಿದವರೆಲ್ಲ ಇಳಿದರಾ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಟ್ರಂಕು ತೆರೆದೆವು. ಅಪ್ಪ ಹೋಗಿ ಮೂರು ವರ್ಷ ಆಗಿತ್ತು. ಅಲ್ಲಿವರೆಗೆ ಅಮ್ಮ ಅದನ್ನು ಮುಟ್ಟಲು ಬಿಟ್ಟಿರಲಿಲ್ಲ. ಈ ಸಲ ಅವಳೇ, "ತೆಗಿ ಪುಟ್ಟಿ, ಒಳಗೆಲ್ಲ ಬೂಸ್ಟು ಹಿಡಿದಿರತ್ತೆ" ಅಂದಳು.

ಮೇಲೆ ಎರಡು ಖಾಕಿ ಅಂಗಿ ಇದ್ದವು. ಅದರ ಕೆಳಗೆ ಬಿರುಕು ಬಿಟ್ಟ ಸೇಫ್ಟಿ ಬೆಲ್ಟು, ಹಿಡಿಯ ರಬ್ಬರ್ ಸವೆದು ಬೋಳಾದ ಕಟಿಂಗ್ ಪ್ಲೇಯರ್, ಒಂದು ಟೆಸ್ಟರ್, ಬಿಳಿ ಪಿಂಗಾಣಿಯ ಒಂದು ಫ್ಯೂಸು. ಎಲ್ಲಕ್ಕಿಂತ ಅಡಿಯಲ್ಲಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿಟ್ಟಿದ್ದ ಹನ್ನೊಂದು ನೋಟ್‌ಬುಕ್ಕು.

ಅಪ್ಪ ಲೈನ್‌ಮನ್. 1976ರಲ್ಲಿ ಕೆಇಬಿಗೆ ಸೇರಿದ, 2013ರಲ್ಲಿ ನಿವೃತ್ತನಾದ. ನಡುವೆ 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆ ಮೆಸ್ಕಾಂಗೆ ಸೇರಿತು. ಅಂಗಿಯ ಮೇಲಿನ ಹೆಸರು, ಬಿಲ್ಲಿನ ಮೇಲಿನ ಹೆಸರು ಎಲ್ಲ ಬದಲಾದವು. ಊರವರ ಬಾಯಲ್ಲಿ ಮಾತ್ರ ಅದು ಕೆಇಬಿಯೇ. ಅಪ್ಪನ ಬಾಯಲ್ಲೂ ಅಷ್ಟೆ.

ಮುವ್ವತ್ತೇಳು ವರ್ಷವೂ ಅವನ ಕೆಲಸ ಹೊಸನಗರ ತಾಲ್ಲೂಕಿನ ಆಸುಪಾಸಿನಲ್ಲೇ. ಅದಕ್ಕೊಂದು ಹಿನ್ನೆಲೆ ಇದೆ. ಅಜ್ಜನ ಮನೆ ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಗದ್ದೆ, ತೋಟ, ಮನೆ ಎಲ್ಲ ಅಡಿಗೆ ಹೋಯ್ತು. ಅಪ್ಪನಿಗೆ ಆಗ ಹನ್ನೊಂದು ವರ್ಷ. ಮನೆಯ ಬಾಗಿಲು, ಕಿಟಕಿ ಬಿಚ್ಚಿ ಗಾಡಿಗೆ ಹೇರಿದ್ದು, ಹಟ್ಟಿಯ ನಾಯಿ ಹಿಂದೆ ಹಿಂದೆ ಓಡಿಬಂದಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಆ ನೀರಿನಿಂದ ಶರಾವತಿಯ ಹತ್ತು ಯಂತ್ರ ತಿರುಗಿ 1035 ಮೆಗಾವ್ಯಾಟ್ ಕರೆಂಟು ಹುಟ್ಟುತ್ತೆ. ಆದರೆ ನೀರು ಬಿಟ್ಟುಕೊಟ್ಟ ಅಜ್ಜ ಹೊಸ ಜಾಗದಲ್ಲಿ ಹದಿನೇಳು ವರ್ಷ ಚಿಮಣಿ ಬುಡ್ಡಿಯಲ್ಲೇ ಉಂಡ. 1981ರಲ್ಲಿ ಆ ಕೇರಿಗೆ ಲೈನು ಎಳೆದ ಗ್ಯಾಂಗಿನಲ್ಲಿ ಅಪ್ಪನೂ ಇದ್ದ. ಕಂಬದಿಂದ ನಮ್ಮ ಮಾಡಿಗೆ ಸರ್ವಿಸ್ ವೈರ್ ಕೊಟ್ಟವನು ಅವನೇ. ಬಲ್ಬು ಹತ್ತಿದಾಗ ಅಜ್ಜ ಅದರ ಕಡೆ ನೋಡಲಿಲ್ಲವಂತೆ. ಮಗನ ಕಡೆ ತಿರುಗಿ, "ನಮ್ಮ ಹೊಳೆ ವಾಪಸ್ ಬಂತು" ಅಂದನಂತೆ. ಅಪ್ಪ ಈ ಮಾತು ಹೇಳುವಾಗಲೆಲ್ಲ ದನಿ ಸಣ್ಣದಾಗುತ್ತಿತ್ತು.

80ರ ದಶಕದಲ್ಲಿ ಸರ್ಕಾರದ ಭಾಗ್ಯಜ್ಯೋತಿ ಯೋಜನೆ ನಮ್ಮ ಕಡೆ ಬಂದಾಗ ಅಪ್ಪ ಹಬ್ಬದ ಹಾಗೆ ದುಡಿದ. ಬಡವರ ಗುಡಿಸಲಿಗೆ ಒಂದೇ ಒಂದು ಬಲ್ಬು, 40 ವ್ಯಾಟಿಂದು. ಒಂದು ಬಲ್ಬಿಗೆ ಇಷ್ಟು ಓಡಾಟ ಬೇಕಾ ಅಂತ ಜೊತೆಯವರು ಕೇಳಿದರೆ, "ಕತ್ತಲೆಯಿಂದ ಒಂದಕ್ಕೆ ಹೋಗೋದೇ ದೊಡ್ಡದು ಮಾರಾಯಾ. ಒಂದರಿಂದ ಹತ್ತಕ್ಕೆ ಯಾರು ಬೇಕಾದ್ರೂ ಹೋಗ್ತಾರೆ" ಅನ್ನುತ್ತಿದ್ದನಂತೆ. ಬಲ್ಬು ಎಲ್ಲಿ ಹಾಕಬೇಕು ಅಂತ ಮನೆಯ ಹೆಂಗಸರನ್ನೇ ಕೇಳುತ್ತಿದ್ದ. ಗಂಡಸರು ಜಗುಲಿ ಅಂದರೆ ಹೆಂಗಸರು ಒಲೆಯ ಹತ್ತಿರ ಅನ್ನೋರು. ಒಲೆಗೂ ಜಗುಲಿಗೂ ಸೇರಿ ಬೆಳಕು ಬೀಳುವ ಹಾಗೆ ನಡುಬಾಗಿಲ ಮೇಲೆ ಹಾಕಿಕೊಟ್ಟು ಬರುತ್ತಿದ್ದ.

ಮಲೆನಾಡಿನ ಮಳೆಗಾಲದಲ್ಲಿ ಲೈನ್‌ಮನ್ ಆಗಿರೋದು ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಆರಿದ್ರಾ ಹಿಡಿದರೆ ಆಶ್ಲೇಷ ಮುಗಿಯೋವರೆಗೆ ಅಪ್ಪ ಮನೆಯಲ್ಲಿ ಕೂತು ಉಂಡಿದ್ದು ಲೆಕ್ಕಕ್ಕೆ ಸಿಗುವಷ್ಟು ದಿನ. ಗಾಳಿಗೆ ಮೊದಲು ಉರುಳೋದು ಅಕೇಶಿಯಾ. ಅದರ ಬೇರು ಮೇಲ್ಮೇಲೆ ಹರಡಿರುತ್ತೆ, ನೆಲ ನೆಂದರೆ ಹಿಡಿತ ಬಿಡುತ್ತೆ. ಮರ ಬಿದ್ದಿದ್ದು ಕಣ್ಣಿಗೆ ಕಾಣುತ್ತೆ, ಕಡಿದು ತೆಗೆಯಬಹುದು. ಕಷ್ಟ ಇರೋದು ಕಾಣದ ಕೆಲಸದಲ್ಲಿ. ಕಂಬದ ತುದಿಯಲ್ಲಿ ತಂತಿ ಹೊತ್ತು ಕೂತಿರುವ ಪಿಂಗಾಣಿ ಇನ್ಸುಲೇಟರ್ ಇರುತ್ತಲ್ಲ, ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು. ಲೈನ್‌ಮನ್‌ಗಳು ಅದನ್ನು ಪಂಚರ್ ಅಂತಾರೆ. ಬಿಸಿಲಲ್ಲಿ ಏನೂ ಆಗಲ್ಲ. ಮಳೆ ನೀರು ಬಿರುಕಿಗೆ ಇಳಿದ ಕೂಡಲೇ ಕರೆಂಟು ಕಂಬದ ಮೂಲಕ ಭೂಮಿಗೆ ಹರಿಯುತ್ತೆ, ಕರೆಂಟು ಕಳಿಸೋ ಸ್ಟೇಷನ್ನಿನಲ್ಲಿ ಬ್ರೇಕರ್ ಅನ್ನೋ ಸ್ವಿಚ್ಚು ತಾನೇ ಬೀಳುತ್ತೆ, ಹತ್ತಾರು ಊರು ಕತ್ತಲೆ.

ಕಾಡು, ಗದ್ದೆ, ಗುಡ್ಡ ದಾಟಿ ಹೋಗುವ ಲೈನಿನಲ್ಲಿ ಆ ಒಂದು ಬಿರುಕು ಎಲ್ಲಿದೆ ಅಂತ ಹುಡುಕಬೇಕು. ಅದಕ್ಕೊಂದು ಲೆಕ್ಕ ಇದೆ. ಲೈನಿನ ನಡುವೆ ಇರುವ ಜಿಓಎಸ್ ಅನ್ನೋ ಸ್ವಿಚ್ಚನ್ನು ತೆರೆದು, ಸ್ಟೇಷನ್ನಿಗೆ ಹೇಳಿ ಅರ್ಧ ಲೈನಿಗೆ ಮಾತ್ರ ಕರೆಂಟು ಹರಿಸೋದು. ಬ್ರೇಕರ್ ಬೀಳದಿದ್ದರೆ ತೊಂದರೆ ಆಚೆಗಿದೆ. ಬಿದ್ದರೆ ಈಚೆಗೆ. ಹೀಗೆ ಅರ್ಧ, ಅರ್ಧದ ಅರ್ಧ ಅಂತ ಕೊನೆಗೆ ಇಪ್ಪತ್ತು ಮುವ್ವತ್ತು ಕಂಬ ಉಳಿಯುತ್ತೆ. ಆಮೇಲೆ ಒಂದೊಂದೇ ಕಂಬದ ಬುಡದಿಂದ ಸ್ವಲ್ಪ ದೂರ ನಿಂತು ಕಿವಿಗೊಡಬೇಕು. ಸ್ಟೇಷನ್ನಿನವರು ಕರೆಂಟು ಕೊಟ್ಟು ಬ್ರೇಕರ್ ಮತ್ತೆ ಬೀಳೋ ಆ ಚೂರು ಹೊತ್ತಿನಲ್ಲಿ, ಮಳೆಯ ಸದ್ದಿನ ನಡುವೆ, ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ 'ಚುಂಯ್' ಅನ್ನುತ್ತೆ. ಕತ್ತಲೆ ಇದ್ದರೆ ನೀಲಿ ಕಿಡಿಯೂ ಕಾಣುತ್ತೆ. ಅದಕ್ಕೇ ಅಪ್ಪ ರಾತ್ರಿ ಹೋಗೋದಕ್ಕೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಕತ್ತಲೆ ಇದ್ರೆ ಒಳ್ಳೇದು, ಕಳ್ಳ ಬೇಗ ಸಿಗ್ತಾನೆ" ಅನ್ನುತ್ತಿದ್ದ.

ಕಂಬಳಿಕೊಪ್ಪೆ ಹಾಕಿ, ಬ್ಯಾಟ್ರಿ ಹಿಡಿದು, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಹೋದವನು ಬೆಳಗಿನ ಜಾವ ಬರುತ್ತಿದ್ದ. ಬಚ್ಚಲೊಲೆಯ ಮುಂದೆ ಕೂತು ಕಾಲಿನ ಉಂಬಳ ಕೀಳುತ್ತಿದ್ದ. ಅಮ್ಮ ಸುಣ್ಣದ ಡಬ್ಬಿ ಹಿಡಿದು ನಿಂತಿರುತ್ತಿದ್ದಳು. ನಾನು ಹಾಸಿಗೆಯಲ್ಲೇ ಕಣ್ಣುಬಿಟ್ಟು ನೋಡುತ್ತಿದ್ದೆ. ಅಮ್ಮ ಕೇಳುತ್ತಿದ್ದಿದ್ದು ಯಾವಾಗಲೂ ಒಂದೇ ಮಾತು. "ಎಲ್ಲರೂ ಇಳಿದ್ರಾ?" ಅಪ್ಪ "ಹ್ಞೂಂ" ಅನ್ನೋನು. ಆಮೇಲೇ ಅವಳು ಕಾಫಿಗೆ ನೀರಿಡುತ್ತಿದ್ದಳು. ಕರೆಂಟ್ ಬಂತಾ ಅಂತ ಅವಳು ಕೇಳಿದ್ದು ನನಗೆ ನೆನಪಿಲ್ಲ.

ಆ ಪ್ರಶ್ನೆಯ ಅರ್ಥ ನನಗಾಗಿದ್ದು ಟ್ರಂಕಿನ ನೋಟ್‌ಬುಕ್ಕು ಬಿಚ್ಚಿದ ಮೇಲೆ.

ಹನ್ನೊಂದೂ ಪುಸ್ತಕದಲ್ಲಿ ಒಂದೇ ರೀತಿ ಗೆರೆ ಹೊಡೆದಿದ್ದ. ದಿನ. ಜಾಗ. ತೆಗೆದದ್ದು. ಹತ್ತಿದವರು. ಇಳಿದರು. ಕೊಟ್ಟದ್ದು. ತೆಗೆದದ್ದು, ಕೊಟ್ಟದ್ದು ಅಂದರೆ ಕರೆಂಟು ತೆಗೆದ ಹೊತ್ತು, ವಾಪಸ್ ಕೊಟ್ಟ ಹೊತ್ತು. ಹತ್ತಿದವರು ಅಂದಲ್ಲಿ ಕಂಬ ಹತ್ತಿದವರ ಹೆಸರು, ಒಬ್ಬರಿದ್ದರೆ ಒಂದು, ಮೂವರಿದ್ದರೆ ಮೂರು. ಅದರ ಪಕ್ಕದ 'ಇಳಿದರು' ಅನ್ನೋ ಸಾಲಿನಲ್ಲಿ ಪ್ರತಿ ಹೆಸರಿಗೂ ಒಂದು ರೈಟು. ಪುಟದ ಮೇಲೆ ಪುಟ, ಬರೀ ರೈಟು. ಕೆಲವು ಕಡೆ ಮಳೆಹನಿ ಬಿದ್ದು ಶಾಯಿ ಹರಡಿದೆ. ಇದು ಇಲಾಖೆ ಕೇಳಿದ ಪುಸ್ತಕ ಅಲ್ಲ. ಸ್ಟೇಷನ್ನಿನಲ್ಲಿ ಎಲ್‌ಸಿ ಪುಸ್ತಕ ಬೇರೆ ಇರುತ್ತೆ. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಲೈನಿನ ಮೇಲೆ ಕೆಲಸ ಮಾಡುವವನು ಸ್ಟೇಷನ್ನಿನಿಂದ ಎಲ್‌ಸಿ ತಗೋಬೇಕು, ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು. ತಗೊಂಡವನೇ ಕೊಡಬೇಕು, ಬೇರೆಯವರು ಕೊಡೋ ಹಾಗಿಲ್ಲ. ಮೊಬೈಲ್ ಬರೋ ಮೊದಲು ಅಪ್ಪ ಎಲ್‌ಸಿ ವಾಪಸ್ ಕೊಡೋದಕ್ಕೆ ಫೋನಿದ್ದ ಮನೆ ಹುಡುಕಿಕೊಂಡು ಮೈಲಿಗಟ್ಟಲೆ ನಡೆದಿದ್ದಾನೆ. ಕೆಸರು ಕಾಲಲ್ಲಿ ಒಳಗೆ ಹೋಗಲ್ಲ ಅಂತ ಜಗುಲಿಯ ಹೊರಗೇ ನಿಂತು, ಮನೆಯವರು ಕಿಟಕಿಯಿಂದ ಕೊಟ್ಟ ಫೋನಿನಲ್ಲಿ ಮಾತಾಡುತ್ತಿದ್ದನಂತೆ.

ಮೊದಲ ಪುಸ್ತಕ 1987ರ ಸೆಪ್ಟೆಂಬರಿನಿಂದ ಶುರುವಾಗುತ್ತೆ. ಆದರೆ ಅದರ ಮೊದಲ ಸಾಲಿನ ದಿನಾಂಕ ಮಾತ್ರ ಅದೇ ವರ್ಷದ ಜುಲೈ ತಿಂಗಳದ್ದು. ಹತ್ತಿದವರು ಅಂದಲ್ಲಿ ಒಂದು ಹೆಸರು. ಇಳಿದರು ಅಂದಲ್ಲಿ ಏನೂ ಇಲ್ಲ.

ಅಮ್ಮ ಆ ಪುಟದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಹೇಳಿದಳು.

ಆ ಹುಡುಗನಿಗೆ ಇಪ್ಪತ್ತೆರಡು. ಕೆಲಸಕ್ಕೆ ಸೇರಿ ವರ್ಷ ಆಗಿರಲಿಲ್ಲ, ಅಪ್ಪನ ಜೊತೆ ಕಲಿಯುತ್ತಿದ್ದ. ಊರೊಳಗಿನ ಕಂಬದಲ್ಲಿ ತಂತಿ ಸಡಿಲವಾಗಿತ್ತು. ಅಪ್ಪ ಟಿ.ಸಿ., ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಹತ್ತಿರ ಹೋಗಿ ಮೂರೂ ಫ್ಯೂಸು ಕಿತ್ತು, ಅಲ್ಲೇ ಪೆಟ್ಟಿಗೆಯ ಮೇಲಿಟ್ಟು ಬಂದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರಂತೆ. ಹುಡುಗ ಕಂಬ ಹತ್ತಿದ. ಟಿ.ಸಿ. ಇದ್ದದ್ದು ತಿರುವಿನ ಆಚೆ, ಇಲ್ಲಿಗೆ ಕಾಣಲ್ಲ. ಆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು ಫ್ಯೂಸು ಕಿತ್ತಿರೋದು ನೋಡಿದರು. ಹಳ್ಳಿಯಲ್ಲಿ ಫ್ಯೂಸು ಹೋದರೆ ಜನ ತಾವೇ ಹಾಕಿಕೊಳ್ಳೋದು ಇದ್ದದ್ದೇ. ಉಪಕಾರ ಮಾಡೋಣ ಅಂತಲೇ ಅವರು ಮೂರನ್ನೂ ಒತ್ತಿ ಹಾಕಿದರು.

ಅವರನ್ನು ಅಪ್ಪ ಒಂದು ದಿನವೂ ಬೈಯಲಿಲ್ಲವಂತೆ. ಆ ಹುಡುಗನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವನ ಮನೆಯವರು ಈಗಲೂ ಅದೇ ಊರಿನಲ್ಲಿದ್ದಾರೆ. ಅಪ್ಪ ಪ್ರತಿ ವರ್ಷ ಗದ್ದೆ ಕೊಯ್ಲು ಮುಗಿದ ಮೇಲೆ ಒಂದು ದಿನ ಆ ಮನೆಗೆ ಹೋಗಿ ಬರುತ್ತಿದ್ದ. ಎಲ್ಲಿಗೆ ಅಂತ ಕೇಳಿದರೆ "ಇಲ್ಲೇ ನೆಂಟರ ಮನೆಗೆ" ಅನ್ನುತ್ತಿದ್ದ. ನಮಗೆ ಆ ಊರಲ್ಲಿ ಯಾವ ನೆಂಟರು ಅಂತ ನಾವು ಮಕ್ಕಳು ಯೋಚನೆಯೇ ಮಾಡಲಿಲ್ಲ ನೋಡಿ.

ಆ ಜುಲೈ ಆದಮೇಲೆ ಅಪ್ಪ ಫ್ಯೂಸನ್ನು ಟಿ.ಸಿ. ಹತ್ತಿರ ಬಿಟ್ಟುಬಂದಿದ್ದೇ ಇಲ್ಲ. ಕಿತ್ತ ಫ್ಯೂಸು ಸೀದಾ ಅವನ ಚೀಲಕ್ಕೆ. ಕಿಟ್‌ಕ್ಯಾಟ್ ಅಂತ ಕರೆಯೋ ಆ ಪಿಂಗಾಣಿ ತುಂಡು ಹಗುರದ್ದಲ್ಲ. ಮೂರು ಸೇರಿದರೆ ಹೆಗಲು ಜಗ್ಗುತ್ತೆ. ಅಷ್ಟನ್ನೂ ಹೊತ್ತುಕೊಂಡು ಕೆಲಸದ ಜಾಗಕ್ಕೆ ಬಂದು, ಹತ್ತೋ ಹುಡುಗರಿಗೆ ಚೀಲ ತೆರೆದು ತೋರಿಸುತ್ತಿದ್ದ. "ಒಂದು, ಎರಡು, ಮೂರು. ನೋಡ್ಕೋ. ಇವು ಇಲ್ಲಿರೋವರೆಗೆ ನೀನು ಅಲ್ಲಿರಬಹುದು." ಅದಾದ ಮೇಲೂ ಟೆಸ್ಟರ್ ಹಿಡಿದು ನೋಡಬೇಕು, ಲೈನಿಗೆ ಅರ್ತ್ ಕಟ್ಟಬೇಕು. ಯಾರದ್ದೋ ಮನೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದು ಬರಬಹುದು ಅನ್ನೋ ಭಯ ಇರುತ್ತಲ್ವಾ.

"ಕರೆಂಟ್ ಕೊಡೋಕೆ ಒಂದು ನಿಮಿಷ ಸಾಕು" ಅಂತ ಅಪ್ಪ ಹೇಳುತ್ತಿದ್ದ. "ಹೋಗಿದೆ ಅಂತ ಗ್ಯಾರಂಟಿ ಮಾಡ್ಕೊಳ್ಳೋಕೆ ಟೈಮ್ ಬೇಕು."

ಆ ಟೈಮಿಗೆ ಅವನು ಬೈಸಿಕೊಂಡಿದ್ದು ಕಡಿಮೆ ಏನಲ್ಲ. ಬೇರೆ ಕಡೆ ಹತ್ತು ನಿಮಿಷಕ್ಕೆ ಆಗೋ ಕೆಲಸ ಇವನಿಗೆ ಅರ್ಧ ಗಂಟೆ ಅಂತ ಜನ ಆಡಿಕೊಂಡರು. ಮದುವೆ ಮನೆಯವರು ರೇಗಿದರು, ಅಡಿಕೆ ತೋಟಕ್ಕೆ ಪಂಪು ಹಾಕಬೇಕಾದವರು ರೇಗಿದರು. ಶಾಲೆಯಲ್ಲಿ ನನ್ನನ್ನೇ ಹುಡುಗರು 'ನಿಧಾನ ಲೈನ್‌ಮನ್ ಮಗಳು' ಅಂತ ಕರೆಯುತ್ತಿದ್ದರು. ನನಗೂ ಅಪ್ಪನ ಮೇಲೆ ಸಿಟ್ಟಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ಬಸ್ಸಿಗೆ ಬಿಡ್ತೀನಿ ಅಂದವನು ಬರಲಿಲ್ಲ. ಮುಂಗಾರು ಮೊದಲ ಗಾಳಿಗೆ ಮನೆಯ ಹೆಂಚು ಹಾರಿದರೆ ಅಮ್ಮನೂ ನಾನೂ ಏಣಿ ಹತ್ತುತ್ತಿದ್ದೆವು. ಆ ಸಿಟ್ಟನ್ನು ನಾನು ಬಹಳ ವರ್ಷ ಇಟ್ಟುಕೊಂಡಿದ್ದೆ. ಅಪ್ಪ ಇದ್ದಾಗಲೇ ಈ ಪುಸ್ತಕ ನೋಡಿದ್ದರೆ ಅನ್ನೋ ಸಂಕಟ ಈಗ ದಿನಾ ಕಾಡುತ್ತೆ.

ಒಂದು ಸಲ ಮಾತ್ರ ಅಪ್ಪ ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋಗಿದ್ದ. 1994, ನನಗೆ ಹನ್ನೆರಡು. ಪುನರ್ವಸು ಮಳೆ. ಶಾಲೆಗೆ ರಜೆ ಕೊಟ್ಟಿದ್ದರು. ಜೊತೆಯವನಿಗೆ ಜ್ವರ ಬಂದು ಅಪ್ಪ ಒಬ್ಬನೇ ಆಗಿದ್ದ. ಒಬ್ಬನೇ ಕಂಬ ಹತ್ತಬಾರದು ಅನ್ನೋದು ಅವನದೇ ನಿಯಮ. ಪಕ್ಕದ ಸೆಕ್ಷನ್ನಿನಿಂದ ಇನ್ನೊಬ್ಬರು ಬರೋವರೆಗೆ ಕಾದ. ಅವರು ಬಂದ ಮೇಲೂ ಚೀಲ ಹಿಡಿಯೋಕೆ ಒಬ್ಬರು ಬೇಕಲ್ಲ ಅಂತ ನನ್ನನ್ನು ಕರೆದ.

ಟಿ.ಸಿ. ಹತ್ತಿರ ಮೂರು ಫ್ಯೂಸು ಕಿತ್ತು ನನ್ನ ಮಡಿಲಿಗೆ ಹಾಕಿದ. ಅವು ಬೆಚ್ಚಗಿದ್ದವು. ಅಷ್ಟು ಚಳಿಯಲ್ಲಿ ಆ ಬಿಸಿ ನನಗೆ ಹಿತವಾಗಿತ್ತು. ಬಿಳಿ ಪಿಂಗಾಣಿಯ ಒಂದು ಮೂಲೆ ಒಡೆದಿತ್ತು, ತಾಮ್ರದ ತುದಿ ಕಪ್ಪಾಗಿತ್ತು. ಮರದ ಬುಡದಲ್ಲಿ ಕಲ್ಲಿನ ಮೇಲೆ ಕೂರಿಸಿ, ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿ, "ಪುಟ್ಟಿ, ಯಾರು ಕೇಳಿದ್ರೂ ಕೊಡಬೇಡ. ಸಾಹೇಬ್ರು ಬಂದ್ರೂ ಕೊಡಬೇಡ. ನಾನು ಬಂದು ಕೈಚಾಚಿದ್ರೆ ಮಾತ್ರ" ಅಂದ.

ಕೂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕಾಲಿಗೆ ಉಂಬಳ ಹತ್ತಿದ್ದು ಗೊತ್ತಾದರೂ ಅಲುಗಾಡಲಿಲ್ಲ. ಕೊಡೆ ಹಿಡಿದ ಒಬ್ಬರು ಬಂದು, "ಏನೇ ಮಗಾ, ನಿಮ್ಮಪ್ಪ ಎಲ್ಲಿ? ಎಷ್ಟೊತ್ತು ಕರೆಂಟ್ ತೆಗೆದಿಡೋದು? ಕೊಡಿಲ್ಲಿ, ನಾನು ಹಾಕ್ತೀನಿ" ಅಂದರು. ನಾನು ಮೂರನ್ನೂ ಹೊಟ್ಟೆಗೆ ಅವುಚಿಕೊಂಡು ಅಳೋದಕ್ಕೆ ಶುರುಮಾಡಿದೆ. ಅವರು ಗೊಣಗುತ್ತಾ ಹೋದರು. ಅಪ್ಪ ಬಂದಾಗ ಫ್ಯೂಸು ತಣ್ಣಗಾಗಿತ್ತು. ನಡೆದಿದ್ದು ಹೇಳಿದೆ. ಅಪ್ಪನ ಮುಖ ಬಿಳಿಚಿಕೊಂಡಿತು. ನನ್ನ ತಲೆ ಮೇಲೆ ಕೈಯಿಟ್ಟ. ಆ ಕೈ ನಡುಗುತ್ತಿತ್ತು. ಚಳಿಗೆ ಅಂದುಕೊಂಡಿದ್ದೆ.

ನಿವೃತ್ತನಾದ ಮೇಲೆ ಅಪ್ಪ ಬೆಂಗಳೂರಿನ ನಮ್ಮ ಮನೆಗೆ ಬಂದರೆ ಮೂರು ದಿನದ ಮೇಲೆ ನಿಲ್ಲುತ್ತಿರಲಿಲ್ಲ. ವಾಕಿಂಗ್ ಹೋದರೆ ಕಂಬ ನೋಡುತ್ತಾ ನಿಲ್ಲೋನು. ಊರಲ್ಲಿ ಮಾತ್ರ ಆರಾಮಾಗಿದ್ದ.

2019ರ ಆಗಸ್ಟಿನಲ್ಲಿ ಪಂಚಮಿಗೆ ಅಂತ ಊರಿಗೆ ಹೋದವಳು ಮಳೆಗೆ ಸಿಕ್ಕಿಹಾಕಿಕೊಂಡೆ. ಆ ವರ್ಷದ ಆಶ್ಲೇಷ ಮಳೆ ಮಲೆನಾಡಿನವರಿಗೆಲ್ಲ ನೆನಪಿರುತ್ತೆ. ಕರೆಂಟು ಹೋಗಿ ಮೂರು ದಿನ ಆಗಿತ್ತು. ಮಧ್ಯಾಹ್ನ ಒಬ್ಬ ಹುಡುಗ ಅಂಗಳಕ್ಕೆ ಬಂದ. ಮೈಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ವಿಜಯಪುರದ ಕಡೆಯವನು, ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು. ಈಗ ಲೈನ್‌ಮನ್ ಅನ್ನಲ್ಲ, ಪವರ್‌ಮ್ಯಾನ್ ಅಂತಾರೆ. ಇಂಥ ಮಳೆ, ಇಂಥ ಕಾಡು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಕಾಕಾ, ನೀವ ಹಳೇ ಲೈನ್‌ಮನ್ ಅಂತ್ರೀ. ಈ ಲೈನ್ ಆ ಗುಡ್ಡದಾಗ ಹೊಕ್ಕೈತಿ, ಎಲ್ಲಿ ಹೊರಗ ಬರತೈತಿ ತಿಳೀವಲ್ದು" ಅಂದ.

ಅಪ್ಪನಿಗೆ ಆಗ ಅರವತ್ತಾರು. ಮಂಡಿ ನೋವು ಬೇರೆ. ಅಮ್ಮ ಬೇಡ ಅನ್ನೋ ಮೊದಲೇ ಕೊಡೆ ತಗೊಂಡಾಗಿತ್ತು. ದಾರಿ ತೋರಿಸಿ ಬರ್ತೀನಿ ಅಂದವನು ಸಂಜೆಯಾದರೂ ಬರಲಿಲ್ಲ. ನಾನು ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹುಡುಕಿಕೊಂಡು ಹೋದೆ.

ಅಪ್ಪ ಟಿ.ಸಿ. ಹತ್ತಿರ ಅದೇ ಕಲ್ಲಿನ ಮೇಲೆ ಕೂತಿದ್ದ. ಒಂದು ಕೈಯಲ್ಲಿ ಕೊಡೆ. ಮಡಿಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಮೂರು ಫ್ಯೂಸು. ನಾಲ್ಕು ಕಂಬದಾಚೆ ಆ ಹುಡುಗ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಮೇಲೆ ಕೆಲಸ ಮಾಡುತ್ತಿದ್ದ. ಜೊತೆಯವನೊಬ್ಬ ಕೆಳಗೆ ಹಗ್ಗ ಹಿಡಿದು ನಿಂತಿದ್ದ. ನಾನು ಲೋಟಕ್ಕೆ ಕಾಫಿ ಬಗ್ಗಿಸಿ ಕೊಟ್ಟೆ. ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. ಕಣ್ಣು ಕಂಬದ ಮೇಲೇ ಇತ್ತು.

"ಇಡು, ಅವನು ಇಳೀಲಿ" ಅಂದ.

ಕಾಫಿ ಆರಿತು. ಮಳೆ ಹನಿ ಲೋಟದೊಳಗೂ ಬಿತ್ತು. ಹುಡುಗ ಇಳಿದು, ಬೆಲ್ಟು ಬಿಚ್ಚಿ, ಗದ್ದೆಯ ಅಂಚಿನ ಮೇಲೆ ಜಾರುತ್ತಾ ನಮ್ಮ ಹತ್ತಿರ ಬಂದ. ಅಪ್ಪ ಟವೆಲ್ ಬಿಚ್ಚಿ ಒಂದೊಂದೇ ಎಣಿಸಿ ಅವನ ಕೈಗೆ ಕೊಟ್ಟ. "ಒಂದು, ಎರಡು, ಮೂರು. ಈಗ ಹಾಕು." ಆಮೇಲೆ ಆ ತಣ್ಣಗಿನ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ.

ಹನ್ನೊಂದನೇ ಪುಸ್ತಕದಲ್ಲಿ ನಿವೃತ್ತಿಯ ದಿನ ಒಂದು ಗೆರೆ ಎಳೆದಿದ್ದಾನೆ. ಅದರ ಕೆಳಗೆ ಎಲ್ಲ ಪುಟವೂ ಖಾಲಿ ಅಂದುಕೊಂಡಿದ್ದೆ. ಅಮ್ಮ ಬೆರಳಿಟ್ಟು ತೋರಿಸಿದಳು. ಗೆರೆಯ ಕೆಳಗೆ, ಅಲುಗಾಡುವ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಆಗಸ್ಟ್ 2019. ನಮ್ಮ ಊರಿನ ಟಿ.ಸಿ. ಹತ್ತಿದವರು ಅಂದಲ್ಲಿ ಆ ವಿಜಯಪುರದ ಹುಡುಗನ ಹೆಸರು. ಪಕ್ಕದಲ್ಲಿ ಒಂದು ರೈಟು.